ಗುಂಡುಕಲ್ಲು ಉರುಳುವ ಕಡೆ

ಚಂಬವ್ವನ ಪಡಸಾಲೆಯ ಗೋಡೆಗೆ ಸಾಲಾಗಿ ಮೊಳೆ ಹೊಡೆದವರು ಅವಳ ಮಾವನೋ, ಮಾವನ ಅಪ್ಪನೋ, ಈಗ ಹೇಳುವವರಿಲ್ಲ. ನಾನು ಸೊಸೆಯಾಗಿ ಈ ಓಣಿಗೆ ಕಾಲಿಟ್ಟಾಗಲೇ ಆ ಮೊಳೆಗಳು ತಲೆ ಸವೆದು ಹೊಳೆಯುತ್ತಿದ್ದವು. ಬೆಳಗಾದರೆ ಹೊಲಕ್ಕೆ ಹೊರಟವರು, ಸಂತೆಗೆ ಹೊರಟವರು, ಬೀಗರೂರಿಗೆ ಹೊರಟವರು, ಎಲ್ಲರೂ ಬಾಗಿಲಿಗೆ ಕೀಲಿ ಜಡಿದು ಕೀಲಿಕೈ ತಂದು ಅವಳ ಗೋಡೆಗೆ ಸಿಗಿಸಿ ಹೋಗುತ್ತಿದ್ದರು. ಯಾರ ಮೊಳೆ ಯಾವುದೆಂದು ಯಾರೂ ಗುರುತು ಹಾಕಿರಲಿಲ್ಲ. ಆದರೂ ಸಂಜೆ ಮಬ್ಬಿನಲ್ಲಿ ಕೈ ಹಾಕಿದರೆ ಅವರವರ ಕೀಲಿಕೈ ಅವರವರ ಕೈಗೆ ಬರುತ್ತಿತ್ತು.

ಚಂಬವ್ವನಿಗೆ ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ, ಇದ್ದ ಹೊಲವನ್ನು ಪಾಲಿಗೆ ಕೊಟ್ಟಿದ್ದಳು. ಹಗಲೆಲ್ಲ ಹೊಸ್ತಿಲ ಬಳಿ ಮೊರ ಹಿಡಿದು ಕಾಳು ಹಸನು ಮಾಡುತ್ತ ಕುಳಿತಿರುತ್ತಿದ್ದಳು. ಮೋಡ ಕಟ್ಟಿದರೆ ಎದ್ದು ಹೋಗಿ ಒಂದೊಂದೇ ಮನೆ ತೆರೆದು, ಅಂಗಳದಲ್ಲಿ ಒಣಹಾಕಿದ ಹಪ್ಪಳ, ಮೆಣಸಿನಕಾಯಿ, ಹೊದೆಯುವ ಕೌದಿ ಒಳಗೆ ಹಾಕುತ್ತಿದ್ದಳು. ಯಾರದೋ ಎಮ್ಮೆ ಹಗ್ಗ ಹರಿದುಕೊಂಡರೆ ಕಟ್ಟುತ್ತಿದ್ದಳು. ಯಾರದೋ ಒಲೆಯ ಮೇಲೆ ಮರೆತುಬಂದ ಹಾಲನ್ನು ಇಳಿಸುತ್ತಿದ್ದಳು. ಓಣಿಯ ಮನೆಗಳೆಲ್ಲ ರಾತ್ರಿ ಅವರವರವು, ಹಗಲು ಚಂಬವ್ವನವು. ಅವಳಿಗೆ ಬೇರೆ ಸಿರಿ ಇರಲಿಲ್ಲ, ಬೇಕೂ ಆಗಿರಲಿಲ್ಲ.

ಇನ್ನು ಗೂಡಿನ ಮಾತು. ನಮ್ಮೂರಿನಲ್ಲಿ ಪ್ರತಿ ಮನೆಯ ಪಡಸಾಲೆಯ ಗೋಡೆಯಲ್ಲೂ ಒಂದು ಗೂಡು ಇದೆ. ಬೇರೆ ಊರುಗಳ ಗೂಡಿನಲ್ಲಿ ದೀಪವಷ್ಟೇ ಇರುತ್ತದೆ, ಮಾತಿಗಾಗಿ ಆ ಜನ ಕಾಲು ಸವೆಸುತ್ತಾರೆ. ನಾವು ಗೂಡಿಗೆ ಮುಖ ಹಿಡಿದು ಯಾರ ಹೆಸರು ಹೇಳಿ ಮಾತಾಡುತ್ತೇವೋ ಅವರ ಮನೆಯ ಗೂಡಿನಲ್ಲಿ ಆ ಮಾತು ಕೇಳುತ್ತದೆ. ಓಣಿಯವರೆಲ್ಲ ಎಂದರೆ ಓಣಿಗೆ, ಊರವರೆಲ್ಲ ಎಂದರೆ ಊರಿಗೆ. ಉತ್ತರ ಕೊಡುವವರಿಗೆ ಯಾರಿಗೆಂದು ಹೆಸರು ಹೇಳುವ ಗೊಡವೆಯಿಲ್ಲ. ಗೂಡಿನ ತಳದಲ್ಲಿ ನಿಂಬೆಕಾಯಿ ಗಾತ್ರದ ಒಂದು ಗುಂಡುಕಲ್ಲು ಇರುತ್ತದೆ. ಅದು ಬಲಮೂಲೆಯಲ್ಲಿದ್ದಾಗ ಕೊಟ್ಟ ಉತ್ತರ ಆ ಪ್ರಶ್ನೆ ಯಾರ್ಯಾರಿಗೆ ಕೇಳಿತ್ತೋ ಅವರಿಗೆಲ್ಲ ಕೇಳುತ್ತದೆ. ಎಡಮೂಲೆಯಲ್ಲಿದ್ದರೆ ಪ್ರಶ್ನೆ ಕೇಳಿದವರಿಗೆ ಮಾತ್ರ. ನಮ್ಮ ಹಿರಿಯರು ಗೂಡಿನ ತಳವನ್ನು ಬಲಕ್ಕೆ ತುಸು ಇಳಿಜಾರು ಮಾಡಿ ಮೆತ್ತುತ್ತಿದ್ದರು. ಹಾಗಾಗಿ ಗುಂಡು ತಾನಾಗಿ ಬಲಕ್ಕೇ ಉರುಳಿಕೊಂಡಿರುತ್ತಿತ್ತು. ಒಬ್ಬರಿಗಷ್ಟೇ ಹೇಳಬೇಕಾದರೆ ಅದನ್ನು ಎಡಕ್ಕೆ ತಳ್ಳಿ, ಮಾತು ಮುಗಿಯುವ ತನಕ ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಮತ್ತೆ ಬಲಕ್ಕೆ.

ಹೀಗೆ ಎಷ್ಟೋ ತಲೆಮಾರು ನಡೆದುಕೊಂಡು ಬಂದದ್ದನ್ನು ಕೆಡಿಸಿದ್ದು ಒಂದು ಕುರು.

ಹೋದ ಬೇಸಿಗೆಯ ಮೊದಲಿಗೆ ಊರ ಹಿರಿಯ ಗುರುಪಾದಪ್ಪ ಗೂಡಿನಲ್ಲಿ ಹೇಳಿದ: "ಊರವರೆಲ್ಲ ಕೇಳ್ರಿ. ಬರೋ ಸೋಮವಾರ ಕೆರಿ ಹೂಳು ತೆಗಿಯೋದೈತಿ. ಮನಿಗೊಬ್ಬರು ಬುಟ್ಟಿ ತಗೊಂಡು ಬರ್ರಿ. ಬರಾಕಾಗದವರು ಈಗ ಹೇಳಿಬಿಡ್ರಿ." ಚಂಬವ್ವ ಕಾಳಿನ ಮೊರವನ್ನು ಒಂದು ಕೈಯಲ್ಲಿ ಹಿಡಿದೇ ಗೂಡಿನ ಬಳಿ ಬಂದು, ಇನ್ನೊಂದು ಕೈಯಿಂದ ಗುಂಡನ್ನು ಎಡಕ್ಕೆ ತಳ್ಳಿದಳು. ಅಷ್ಟರಲ್ಲಿ ಕೋಳಿಯೊಂದು ಮೊರಕ್ಕೆ ಬಾಯಿ ಹಾಕಿತು. ಅದನ್ನು ಹುಶ್ ಎಂದು ಓಡಿಸಿದ ಕೈ ತಿರುಗಿ ಗುಂಡಿಗೆ ಹೋಗಲಿಲ್ಲ.

"ಗುರುಪಾದಪ್ಪಾ, ನಾ ಚಂಬವ್ವ. ನಿನಗಷ್ಟ ಹೇಳತೇನಿ, ಯಾರ ಮುಂದೂ ಆಡಬ್ಯಾಡ. ಕೂಡೋ ಜಾಗದಾಗ ಕುರು ಎದ್ದೈತಿ. ಕುಂತ್ರ ಕುಂಡ್ರಾಕಾಗವಲ್ದು, ಮಲಗಿದ್ರ ಮಲಗಾಕಾಗವಲ್ದು. ಬುಟ್ಟಿ ಹೊರೋದು ಹಂಗಿರಲಿ, ಕಾಳು ಸೈತ ನಿಂತಕೊಂಡ ಹಸನ ಮಾಡಾಕತ್ತೇನಿ."

ಯಾರ ಮುಂದೂ ಆಡಬ್ಯಾಡ ಎಂಬ ಮಾತೂ ಸೇರಿ ಎಲ್ಲವೂ ಊರಿನ ಎಲ್ಲ ಗೂಡುಗಳಲ್ಲಿ ಕೇಳಿತು.

ನಮ್ಮೂರಿನವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಒಳ್ಳೆಯವರಾದ್ದರಿಂದ ಮದ್ದು ತೆಗೆದುಕೊಂಡು ಬಂದರು. ಒಬ್ಬಳು ಮೆಂತೆ ಅರೆದು ತಂದಳು, ಒಬ್ಬಳು ಉಳ್ಳಾಗಡ್ಡಿ ಸುಟ್ಟು ತಂದಳು, ಇನ್ನೊಬ್ಬಳು ತಾನೇ ಕಟ್ಟಿಹೋಗುತ್ತೇನೆ ಎಂದು ಅರಿವೆಯ ಪಟ್ಟಿ ಹರಿದುಕೊಂಡೇ ಬಂದಳು. ಹಳೆಯ ಮದ್ದಿನ ಪಾರಿಸಜ್ಜನಂತೂ ತನ್ನ ಮನೆಯ ಗೂಡಿನಿಂದಲೇ ಊರಿಗೆಲ್ಲ ಕೇಳುವಂತೆ ವಿಚಾರಿಸಿದ: "ಚಂಬವ್ವಾ, ಎಡಕ್ಕ ಐತೋ ಬಲಕ್ಕ ಐತೋ? ಎಡಕ್ಕಿದ್ರ ಬೇವು, ಬಲಕ್ಕಿದ್ರ ಅರಿಷಿಣ." ಚಂಬವ್ವ ಉತ್ತರ ಕೊಡಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು, ಕುರು ಮಾಗುವ ತನಕ ಹೊರಗೆ ಮುಖ ತೋರಿಸಲಿಲ್ಲ. ಕೀಲಿಕೈ ತಂದವರು ಬಾಗಿಲ ಸಂದಿಯಿಂದ ಕೊಟ್ಟು ಹೋದರು.

ಹೊರಬಂದವಳೇ ನೇರ ಬೇವಿನ ಕಟ್ಟೆಗೆ ಹೋದಳು. ಗುರುಪಾದಪ್ಪನಿಗೆ ಊರು ಕೂಡಿಸಲು ಹೇಳಿದಳು. ಇಳಿಜಾರು ತಿರುಗಿಸಬೇಕು, ಗುಂಡು ತಾನಾಗಿ ಎಡಕ್ಕೆ ಉರುಳುವಂತಾಗಬೇಕು ಎಂಬುದು ಅವಳ ಹಟ.

ಅಂದು ಕಟ್ಟೆಯ ಮೇಲೆ ಆದ ವಾದ ನನಗೆ ಇಂದಿಗೂ ನೆನಪಿದೆ. ಮೇಲೋಣಿಯ ಒಬ್ಬ ಎದ್ದು, "ಅಜ್ಜ ಮುತ್ತಜ್ಜ ಮಾಡಿದ್ದು. ಊರಿಗೆ ಕೇಳಿದ್ದಕ್ಕ ಊರಿಗೇ ಉತ್ತರ ಹೋಗಬೇಕು. ಇಲ್ಲಾಂದ್ರ ಒಂದ ಉತ್ತರ ಹತ್ತು ಮಂದಿಗೆ ಹತ್ತು ಸಲ ಹೇಳಕೋತ ಕುಂಡ್ರಬೇಕು" ಅಂದ. ಅವನ ಹೆಂಡತಿಯೇ ಅವನ ಮಾತಿಗೆ ಅಡ್ಡ ಬಂದಳು: "ನೀವ್ ಹೊಲಕ್ಕ ಹೋಗಿರತೀರಿ. ಹೂಳಿನ ದಿನ ಏನಾತು ಗೊತ್ತೇನು? 'ನಾ ಬರತೇನಿ', 'ನಾನೂ ಬರತೇನಿ', 'ನಮ್ಮ ಮನ್ಯಾಗಿಂದ ಮಗ ಬರತಾನ', ಮಧ್ಯಾಹ್ನತನಕ ಗೂಡು ಒದರಿದ್ದ ಒದರಿದ್ದು. ಕೂಸು ಮಲಗಲಿಲ್ಲ. ಯಾರ ಮನ್ಯಾಗಿಂದ ಯಾರು ಬಂದ್ರ ನನಗೇನು?" ಹೆಂಗಸರೆಲ್ಲ ಹೌದು ಹೌದು ಎಂದರು. ಚಂಬವ್ವ ನಿಂತೇ ಮಾತಾಡಿದಳು: "ಒಬ್ಬರಿಗೆ ಹೋದ ಮಾತನ್ನ ನಾಳಿಗೆ ಊರಿಗೆ ಹೇಳಬಹುದು. ಊರಿಗೆ ಹೋದ ಮಾತನ್ನ ತಿರುಗಿ ಒಬ್ಬರಿಗೆ ಮಾಡಾಕ ಬರತೈತೇನು? ಚೆಲ್ಲಿದ ಎಣ್ಣಿ ಬಳಕೊಂಡ್ರ ಅರ್ಧ ಮಣ್ಣ." ಈ ಮಾತಿಗೆ ಕಟ್ಟೆಯ ಮೇಲಿದ್ದವರು ತಲೆದೂಗಿದರು.

ಪಾರಿಸಜ್ಜ ಮಾತ್ರ ಎಲೆ ಅಡಿಕೆ ತುಂಬಿದ ಬಾಯಿಯಲ್ಲೇ ಏನೋ ಹೇಳಿದ. ನಾನು ಪಕ್ಕದಲ್ಲಿದ್ದೆನಾದ್ದರಿಂದ ಕೇಳಿತು. "ಹೋಗಬಾರದ್ದು ಊರಿಗೆ ಹೋದ್ರ ಆವತ್ತ ಗೊತ್ತಾಗತೈತಿ. ಹೋಗಬೇಕಾದ್ದು ಹೋಗದಿದ್ರ ಯಾರಿಗೆ ಗೊತ್ತಾಗಬೇಕು?" ಆದರೆ ಎಡಕ್ಕೋ ಬಲಕ್ಕೋ ಎಂದು ಗೂಡಿನಲ್ಲಿ ಕೂಗಿದ ಮನುಷ್ಯ ಅವನು. ಅವನ ಮಾತಿಗೆ ಆ ದಿನ ಬೆಲೆ ಎಲ್ಲಿಂದ ಬರಬೇಕು?

ಅವರವರ ಮನೆಗೆ ಅವರವರಿಗೆ ಬೇಕಾದಂತೆ ಮಾಡಿಕೊಳ್ಳಲಿ ಎಂದು ಯಾರೋ ಅಂದರು. ಅದಕ್ಕೆ ಗೋಡೆ ಮೆತ್ತುವ ಉಡಚಪ್ಪ ಒಪ್ಪಲಿಲ್ಲ. "ತವರಮನ್ಯಾಗ ಬಲಕ್ಕ, ಅತ್ತಿಮನ್ಯಾಗ ಎಡಕ್ಕ ಆದ್ರ ಹುಡುಗ್ಯಾರು ಏನ್ ಮಾಡಬೇಕು? ಕೈ ಒಂದ ಕಲೀತೈತ್ರಿ, ಎರಡ ಕಲಿಯಂಗಿಲ್ಲ." ಹಾಗಾದರೆ ಎರಡೂ ಬೇಡ, ತಳವನ್ನು ಸಪಾಟು ಮಾಡು, ಗುಂಡು ನಡುವೆ ನಿಲ್ಲಲಿ, ಬೇಕಾದ ಕಡೆ ತಳ್ಳಿಕೊಳ್ಳೋಣ ಎಂದ ಗುರುಪಾದಪ್ಪ. ಎಲ್ಲರಿಗೂ ಇದು ಬಲು ನ್ಯಾಯವಾಗಿ ಕಂಡಿತು. ಉಡಚಪ್ಪ ಮೊದಲು ಗುರುಪಾದಪ್ಪನ ಮನೆಯ ಗೂಡನ್ನೇ ಸಪಾಟು ಮಾಡಿ ತೋರಿಸಿದ. ಅಂದು ಗುರುಪಾದಪ್ಪನ ಹೆಂಡತಿ ಅಂಬಕ್ಕ ಊರೊಳಗೇ ಇದ್ದ ತಂಗಿಯ ಮನೆಗೆ ಹೋಗಿದ್ದಳು. ಊಟಕ್ಕೆ ಬರಲೋ ಉಂಡೇ ಬರಲೋ ಎಂದು ಅಲ್ಲಿನ ಗೂಡಿನಿಂದ ಕೇಳಿದಳು. ಗುರುಪಾದಪ್ಪ "ಬಾ, ಝುಣಕ ಮಾಡೇನಿ" ಎಂದು ಹೇಳಿ ಕಾಯುತ್ತ ಕುಳಿತ. ಗುಂಡು ನಡುವೆಯೇ ಇತ್ತು. ಮಾತು ಎಲ್ಲಿಗೂ ಹೋಗಲಿಲ್ಲ. ಅಂಬಕ್ಕ ಅಲ್ಲೇ ಉಂಡು ಸಂಜೆಗೆ ಬಂದಳು, ಗುರುಪಾದಪ್ಪ ಹಸಿದುಕೊಂಡು ಕುಳಿತಿದ್ದ. ಮರುದಿನವೇ ಎಡಕ್ಕೆ ಇಳಿಜಾರು ಎಂದು ತೀರ್ಮಾನವಾಯಿತು.

ಉಡಚಪ್ಪ ಸಗಣಿ ಮಣ್ಣು ಕಲಸಿದ ಬುಟ್ಟಿ ಹಿಡಿದು ಮನೆ ಮನೆಗೆ ಹೋದ. ನಮ್ಮ ಗೂಡಿಗೆ ಮೆತ್ತಿದ ಮಣ್ಣು ಒಣಗುವ ಮೊದಲೇ ನಾನು, ನನ್ನ ಗಂಡ ಊರು ಬಿಟ್ಟೆವು. ಮಗಳಿಗೆ ಎರಡನೆಯ ಹೆರಿಗೆ, ಅವಳ ಅತ್ತೆಗೆ ಕಣ್ಣು ಮಸುಕು, ಬಾಣಂತನಕ್ಕೆ ನಾವೇ ಹೋಗಬೇಕಾಯಿತು. ಹೋಗುವಾಗ ಎಂದಿನಂತೆ ಕೀಲಿಕೈಯನ್ನು ಚಂಬವ್ವನ ಗೋಡೆಗೆ ಹಾಕಿದೆ. ಅವಳ ಮುಖ ಅರಳಿತ್ತು. ಗೂಡಿನ ಕಡೆ ಕೈ ತೋರಿಸಿ, "ಇನ್ನ ಧೈರ್ಯಲೇ ಮಾತಾಡಬಹುದು ನೋಡು ಸುಂದ್ರವ್ವಾ" ಎಂದಿದ್ದಳು.

ಕೂಸಿಗೆ ಹೆಸರಿಟ್ಟು, ನೆಲ ತೋಯುವ ಹೊತ್ತಿಗೆ ನಾನೊಬ್ಬಳೇ ಮೊದಲು ಊರಿಗೆ ಬಂದೆ. ನೇರ ಚಂಬವ್ವನ ಮನೆಗೆ ಹೋದೆ. ಅವಳು ಗೋಡೆಗೆ ಬೆನ್ನು ಮಾಡಿ ಕುಳಿತಿದ್ದಳು. ಹಗಲು ಹೊತ್ತು, ಓಣಿಯ ಮನೆಗಳಿಗೆಲ್ಲ ಕೀಲಿ ಬಿದ್ದಿತ್ತು. ಗೋಡೆಯ ಮೇಲೆ ಮಾತ್ರ ಒಂದೇ ಒಂದು ಕೀಲಿಕೈ ನೇತಾಡುತ್ತಿತ್ತು. ಅದು ನಮ್ಮದು.

"ತಗೊ. ನಿಂದೊಂದ ಉಳಿದೈತಿ" ಎಂದು ತಾನೇ ತೆಗೆದು ಕೊಟ್ಟಳು. "ನಾಳೆ ಸಂಜಿಗೆ ಉಡಚಪ್ಪ ಬರತಾನ. ಮೊಳಿ ಕಿತ್ತು ತೂತು ಮೆತ್ತಿ ಹೋಗತಾನ. ಬರೇ ಮೊಳಿ ನೋಡಕೋತ ಕುಂಡ್ರಾಕ ನನಗಾಗಂಗಿಲ್ಲ."

ಏನಾಯಿತೆಂದು ಕೇಳಿದೆ. ಕಾಳಿನಲ್ಲಿ ಕೈಯಾಡಿಸುತ್ತ ಹೇಳಿದಳು. ಓಣಿಯ ಕೊನೆಮನೆಯ ರೇಣವ್ವ ಜಡ್ಡಿನ ಅಣ್ಣನನ್ನು ನೋಡಲು ಹೋಗಿ ಬಂದಿದ್ದಳಂತೆ. ಮನೆಯಲ್ಲಿ ಅವಳ ತಾಯಿ ಕೊಟ್ಟ ಹಿತ್ತಾಳೆಯ ಚಕ್ಕಲಿ ಒರಳು ಕಾಣಲಿಲ್ಲ. ಗೂಡಿನಲ್ಲಿ ಊರಿಗೆಲ್ಲ ಕೇಳುವಂತೆ ವಿಚಾರಿಸಿದಳು: ನನ್ನ ಚಕ್ಕಲಿ ಒರಳು ಇಟ್ಟಲ್ಲಿ ಇಲ್ಲ, ಕೀಲಿಕೈ ಚಂಬವ್ವನ ಹತ್ತಿರ ಇತ್ತು, ಯಾರಾದರೂ ಒಯ್ದಿರೇನು?

"ನೀ ಏನಂದಿ?"

"ಅನ್ನೋದೇನು, ಆಕಿ ಮಾತು ಮುಗಿಯೋದ್ರಾಗ ಹೇಳೇನಿ. ನಿನ್ನ ತುಳಸಿಗೆ ನೀರ ಹಾಕಾಕ ಹಿತ್ತಲ ಬಾಗಲಾ ತೆಗದಿದ್ದೆ, ಅಡಗಿಮನಿಗೆ ಕಾಲ ಇಟ್ಟಿಲ್ಲ ಅಂತ. ಊರೆಲ್ಲ ಕೇಳೇತಿ. ಕೇಳಿನೂ ನಂಬಲಿಲ್ಲ ನೋಡು. ಅದ ನನಗ ಕಡೀತಿರೋದು. ಮರುದಿನದಿಂದ ಒಬ್ಬೊಬ್ಬರಿಗೂ ಒಂದೊಂದ ನೆವ. ಒಬ್ಬಾಕಿ ಮಾವಗ ಮೊಣಕಾಲ ನೋವಂತ, ಮನ್ಯಾಗ ಇರತಾನಂತ. ಇನ್ನೊಬ್ಬಾಕಿ ಕೀಲಿನ ಕೆಟ್ಟೈತಂತ. ಮ್ಯಾಲಿನಮನಿಯಾಕಿ ಸೊಂಟಕ್ಕ ಕೀಲಿಕೈ ಕಟಗೊಂಡ್ರ ಸೊಂಟನೋವು ಹೋಗತೈತಿ ಅಂತ ಯಾರೋ ಹೇಳ್ಯಾರಂತ."

ಮುಖದ ಮೇಲೆ ಹೊಡೆದಂತೆ ಕೇಳುವ ಊರಲ್ಲ ನಮ್ಮದು. ಜಗಳವಾಡಿದ್ದರೆ ಅಂದೇ ತೀರಿಹೋಗುತ್ತಿತ್ತು. ಇದು ಮರ್ಯಾದೆಯಿಂದ ಆದ ಗಾಯ, ಮಾಯುವುದು ತಡ.

ಮನೆಗೆ ಬಂದು ಕಸ ಹೊಡೆದೆ. ಮೊಸರಿಗೆ ಹೆಪ್ಪು ಬೇಕಾಗಿತ್ತು, ಅಂಬಕ್ಕನ ಮನೆಗೆ ಹೋದೆ. ಅವಳು ಹೆಪ್ಪು ಕೊಡುತ್ತ ದನಿ ತಗ್ಗಿಸಿ, "ಚಂಬವ್ವನ ಸುದ್ದಿ ಕೇಳಿದೇನು?" ಅಂದಳು. "ನಾವೇನೂ ಆಕಿನ್ನ ಕಳ್ಳಿ ಅನ್ನಾಂಗಿಲ್ಲವಾ. ಆದ್ರ ರೇಣವ್ವ ಹೆಸರ ಹಿಡದು ಕೇಳಿದಳು. ಒಂದ ಮಾತು, 'ನಾ ತಗೊಂಡಿಲ್ಲ' ಅಂತ ಒಂದ ಮಾತು ಬಾಯಿಂದ ಬರಬ್ಯಾಡೇನು? ಉಸಿರ ಬಿಡಲಿಲ್ಲ. ನಾನ ಗೂಡಿನ ಮುಂದ ಎಷ್ಟೋ ಹೊತ್ತು ಕಾದೆ. ಆಮ್ಯಾಲೆ ರೇಣವ್ವನೂ ಸುಮ್ಮನಾದ್ಲು. ಮುಚ್ಚಿಹಾಕ್ಯಾರ ಅಂತ ಎಲ್ಲಾರಿಗೂ ತಿಳೀತು."

ಉತ್ತರ ಕೊಟ್ಟೆ ಎನ್ನುತ್ತಾಳೆ ಒಬ್ಬಳು. ಉಸಿರು ಬಿಡಲಿಲ್ಲ ಎನ್ನುತ್ತಾಳೆ ಇನ್ನೊಬ್ಬಳು. ಇಬ್ಬರೂ ಸುಳ್ಳಾಡುವವರಲ್ಲ. ಹೆಪ್ಪಿನ ಬಟ್ಟಲು ಹಿಡಿದುಕೊಂಡೇ ಮನೆಗೆ ಬಂದೆ. ಬಾಗಿಲ ಬೆಳಕು ಗೂಡಿನ ಮೇಲೆ ಬಿದ್ದಿತ್ತು. ನಾನಿಲ್ಲದಾಗ ಒಣಗಿ ಬೆಳ್ಳಗಾದ ಹೊಸ ಮಣ್ಣು, ಎಡಮೂಲೆಯಲ್ಲಿ ಮೊಟ್ಟೆಯಿಟ್ಟ ಹಾಗೆ ಗುಂಡುಕಲ್ಲು. ನೋಡುತ್ತ ನಿಂತವಳಿಗೆ ನಗು ಬಂತು, ನಗುವಿನ ಬೆನ್ನಿಗೇ ಹೆಪ್ಪಿನ ಬಟ್ಟಲು ಕೆಳಗಿಟ್ಟೆ. ಊರೆಲ್ಲ ಕೇಳಿತೆಂದು ಚಂಬವ್ವ ನಂಬಿದ್ದ ಆ ಮಾತು ರೇಣವ್ವನ ಗೂಡು ಬಿಟ್ಟು ಬೇರೆಲ್ಲೂ ಕೇಳಿರಲಿಲ್ಲ. ಗೂಡಿನ ಇಳಿಜಾರನ್ನು ಉಡಚಪ್ಪ ತಿರುಗಿಸಿದ್ದ. ಕಿವಿಯ ಇಳಿಜಾರು ಹಳೆಯ ಕಡೆಗೇ ಉಳಿದಿತ್ತು.

ಮರುದಿನ ಬೇಯಿಸುವುದು, ತೊಳೆಯುವುದು ಮುಗಿಸಿ ರೇಣವ್ವನ ಮನೆಗೆ ಹೋದೆ. ಅವಳು ಹಿತ್ತಲಲ್ಲಿ ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದಳು. ವಯಸ್ಸಾದ ಜೀವ, ಅಣ್ಣನನ್ನು ನೋಡಿ ಬಂದ ಮೇಲೆ ಹೊರಗೆ ಹೋಗುವುದನ್ನು ಬಿಟ್ಟಿದ್ದಳು. ಚಕ್ಕಲಿ ಒರಳು ಸಿಕ್ಕಿತೇ ಎಂದು ಕೇಳಿದೆ.

"ಕಳದಿದ್ರ ಸಿಗೋದು. ಮಗಳು ನೀಲಾನ ಮನ್ಯಾಗಿತ್ತು. ದೀಪಾವಳಿಗೆ ನಾನ ಕೊಟ್ಟಿದ್ನಂತ. ಅವತ್ತ ಗೂಡಿನ್ಯಾಗ ನೀಲಾ ಹೇಳಿದ್ಲಲ್ಲ, 'ಯವ್ವಾ, ನೀನ ಕೊಟ್ಟ ಮರತೀಯಲ್ಲ' ಅಂತ. ಊರೆಲ್ಲ ಕೇಳಿ ನಕ್ಕಿರಬೇಕು. ನಾಚಿಕಿ ಬಂದು ನಾ ಮತ್ತ ಆ ಮಾತ ತೆಗಿಯಲಿಲ್ಲ."

"ಚಂಬವ್ವ ಏನೂ ಅನ್ನಲಿಲ್ಲೇನು?"

"ಯಾಕ ಅನ್ನಲಿಲ್ಲ? ನೀಲಾಗಿಂತ ಮೊದಲ ಆಕಿನ ಹೇಳಿದ್ಲು. ತುಳಸಿಗೆ ನೀರ ಹಾಕಿದ್ನಿ ಅಂತ. ಪಾಪ, ನನ್ನ ತುಳಸಿ ಆಕಿ ಇರಲಿಲ್ಲಾಂದ್ರ ಒಣಗಿಹೋಗತಿತ್ತು. ನೀ ಊರಾಗ ಇರಲಿಲ್ಲ, ಅದಕ್ಕ ಗೊತ್ತಿಲ್ಲ. ಎಲ್ಲಾರೂ ಕೇಳ್ಯಾರ."

"ರೇಣಕ್ಕಾ, ಎದ್ದು ಬಂದು ನಿನ್ನ ಗೂಡಿನ್ಯಾಗ ಗುಂಡು ಯಾವ ಕಡೆ ಐತಿ ನೋಡು."

ಕೋಲೂರಿಕೊಂಡು ಬಂದು ನೋಡಿದಳು. ಬಗ್ಗಿ ನೋಡಿದಳು. ಬೆರಳಿನಿಂದ ಬಲಕ್ಕೆ ತಳ್ಳಿ ಬಿಟ್ಟಳು. ಅದು ಗುಡುಗುಡು ಎಂದು ಎಡಕ್ಕೆ ಬಂತು. ಮತ್ತೆ ತಳ್ಳಿದಳು, ಮತ್ತೆ ಬಂತು. ಬಾಯಿಗೆ ಸೆರಗು ಹಿಡಿದಳು.

"ಅಂದ್ರ ಊರಿಗೆ ಕೇಳಿದ್ದು ನನ್ನ ಪ್ರಶ್ನಿ ಒಂದ?"

"ಅದೊಂದ."

"ಅಯ್ಯ ಶಿವನ. ನಾ ಇಲ್ಲಿ ಆರಾಮ ಬಿಸಲ ಕಾಯಕೋತ ಕುಂತೇನಿ" ಎಂದು ಗೋಡೆ ಹಿಡಿದು ನಿಂತಳು. ಈಗಲೇ ಹೇಳಿಬಿಡುತ್ತೇನೆ ಎಂದು ಹೊರಟವಳನ್ನು ನಾನೇ ತಡೆದೆ. ಹೊಲಕ್ಕೆ ಹೋದವರು ಬರಲಿ, ಮನೆ ತುಂಬಿದ ಮೇಲೆ ಹೇಳು, ಇಲ್ಲದಿದ್ದರೆ ಅದೂ ಅರ್ಧ ಊರಿಗೇ ಕೇಳುತ್ತದೆ ಎಂದೆ.

ದನ ಮನೆಗೆ ಬರುವ ಹೊತ್ತಿಗೆ ನಾನು ಚಂಬವ್ವನ ಮನೆಗೆ ಓಡಿದೆ. ಉಡಚಪ್ಪ ಆಗಲೇ ಬಂದಿದ್ದ. ಇಕ್ಕಳ ಹಾಕಿ ಒಂದೊಂದೇ ಮೊಳೆ ಎಳೆಯುತ್ತಿದ್ದ. ಹಳೆಯ ಮೊಳೆಗಳು ಸುಮ್ಮನೆ ಬರುತ್ತಿರಲಿಲ್ಲ, ಕಿರ್ರೆಂದು ಕೂಗಿ ಬರುತ್ತಿದ್ದವು. ಚಂಬವ್ವ ಒಂದೊಂದು ಕೂಗಿಗೂ ಕಣ್ಣು ಮುಚ್ಚುತ್ತಿದ್ದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು.

"ನನ್ನ ಸಮಾಧಾನಕ್ಕ ಹೇಳಬ್ಯಾಡ ಸುಂದ್ರವ್ವಾ. ನಾನ ಹಟ ಹಿಡದು ಮಾಡಿಸಿದ ಇಳಿಜಾರು. ಅದು ನನಗ ನೆನಪಿರಂಗಿಲ್ಲೇನು?"

"ಅವತ್ತ ಗುಂಡು ಹಿಡಿದಿದ್ದೇನು?"

"ಯಾಕ ಹಿಡೀಲಿ? ಊರಿಗೆಲ್ಲ ಹೇಳೋ ಮಾತಿಗೆ ಗುಂಡು ಹಿಡಿ..." ಎಂದು ನಿಂತಳು. ಒಮ್ಮೆ ಗೂಡಿನ ಕಡೆ ನೋಡಿದಳು. ಆಗಲೇ ಗೂಡಿನಲ್ಲಿ ರೇಣವ್ವನ ದನಿ ಬಂತು.

"ಊರವರೆಲ್ಲ ಕೇಳ್ರಿ. ನಾ ರೇಣವ್ವ. ನನ್ನ ಚಕ್ಕಲಿ ಒರಳು ಕಳದಿರಲಿಲ್ಲ. ನಾನ ನೀಲಾಗ ಕೊಟ್ಟು ಮರತಿದ್ದೆ. ಚಂಬವ್ವ ಅವತ್ತ ಆ ಗಳಿಗ್ಯಾಗ ಉತ್ತರ ಕೊಟ್ಟಾಳ. ನೀವೆಲ್ಲ ಕೇಳೀರಿ ಅಂತ ನಾ ಸುಮ್ಮನಿದ್ದೆ. ನೀವು ಕೇಳಿಲ್ಲಂತ ನನಗ ಇವತ್ತ ತಿಳೀತು. ಆಕಿ ನನ್ನ ತುಳಸಿ ಉಳಿಸ್ಯಾಳ. ಒರಳಿನ ತಪ್ಪು ನಂದು, ನನ್ನ ನೆನಪಿಂದು."

ದನಿ ನಿಂತಿತು. ಉಡಚಪ್ಪನ ಇಕ್ಕಳವೂ ನಿಂತಿತು. ನಾವು ಮೂವರೂ ಗೂಡನ್ನೇ ನೋಡುತ್ತ ಕಾದೆವು. ಹೊರಗೆ ದನಗಳ ಕೊರಳ ಗಂಟೆ ಕೇಳಿಸಿತು, ಯಾರೋ ಕರುವನ್ನು ಗದರಿಸಿದರು. ಗೂಡಿನಿಂದ ಒಂದು ಮಾತೂ ಬರಲಿಲ್ಲ. ಚಂಬವ್ವನ ಮುಖದಲ್ಲಿ ಆಗಷ್ಟೇ ಏರಿದ್ದ ಬಣ್ಣ ಇಳಿಯತೊಡಗಿತು.

"ನೋಡಿದಿ? ಈಗಂತೂ ಕೇಳ್ಯಾರಲ್ಲ. ಒಬ್ಬರಾದ್ರೂ ಏನರ ಅಂದ್ರೇನು? ಉಡಚಪ್ಪಾ, ಕೀಳಪ್ಪ, ಉಳಿದಾವನ್ನೂ ಕೀಳು."

ಉಡಚಪ್ಪ ಕೀಳಲಿಲ್ಲ. ಇಕ್ಕಳವನ್ನು ನೆಲಕ್ಕಿಟ್ಟು ಮೀಸೆಯ ಮಣ್ಣು ಒರೆಸಿಕೊಂಡ. "ಅಂದಿರತಾರವ್ವಾ. ಎಲ್ಲಾರೂ ಅಂದಿರತಾರ. ರೇಣವ್ವಗ ಅಂದಿರತಾರ."

ಚಂಬವ್ವ ಗೂಡಿನ ಗುಂಡನ್ನು ನೋಡಿದಳು. ಅದು ಎಡಮೂಲೆಯಲ್ಲಿ ಏನೂ ಅರಿಯದ ಹಾಗೆ ಕುಳಿತಿತ್ತು. ಮೊದಲು ಅವಳ ಹೆಗಲು ಕುಣಿಯಿತು, ಆಮೇಲೆ ಹೊಟ್ಟೆ, ಕೊನೆಗೆ ದನಿ ಹೊರಬಂತು. ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒತ್ತಿಕೊಂಡಳು, ಬಹಳ ಹೊತ್ತು ಸೆರಗು ತೆಗೆಯಲಿಲ್ಲ.

ಅಷ್ಟರಲ್ಲಿ ಕೋಲಿನ ಸಪ್ಪಳ ಕೇಳಿತು. ಎಷ್ಟೋ ದಿನದಿಂದ ಮನೆ ಬಿಟ್ಟು ಹೊರಬರದ ರೇಣವ್ವ ಏದುತ್ತ ಹೊಸ್ತಿಲ ಮೇಲೆ ಬಂದು ಕುಳಿತಳು. "ಏ ಚಂಬವ್ವಾ, ನನ್ನ ಗೂಡು ಬಾಯಿನ ಮುಚ್ಚವಲ್ದು. ಎಲ್ಲಾರೂ ತಪ್ಪಾತು ತಪ್ಪಾತು ಅಂತ ನನಗ ಹೇಳಾಕತ್ತಾರ. ನಾ ತಗೊಂಡು ಏನ್ ಮಾಡಲಿ? ನಿನ್ನ ಮಾಲು, ಹೊತಗೊಂಡ ಬಂದೇನಿ. ತಗೊ. ಅಂಬಕ್ಕ ಅತ್ತಾಳ. ಮ್ಯಾಲಿನಮನಿಯಾಕಿ ಸೊಂಟನೋವು ಕಡಿಮಿ ಆಗಲಿಲ್ಲ ಅಂದಾಳ. ಪಾರಿಸಜ್ಜ ಏನೋ ಚಂದ ಹೇಳಿದಾ, ದಾರ್ಯಾಗ ಮರತೆ."

"ಮರತದ್ದ ಛಲೋ ಆತು ಬಿಡು. ಅಂವ ಏನ್ ಹೇಳಿದ್ರೂ ಮದ್ದಿಂದ ಹೇಳಿರತಾನ" ಎಂದಳು ಚಂಬವ್ವ. ರೇಣವ್ವನ ಕೈಯಿಂದ ಕೋಲು ತೆಗೆದು ಗೋಡೆಗೆ ಒರಗಿಸಿ, ಕುಡಿಯಲು ನೀರು ಕೊಟ್ಟಳು.

ಬೆಳಗಾಗುತ್ತಲೇ ಓಣಿಯವರು ಬರತೊಡಗಿದರು. ಸೊಂಟದಿಂದ ಬಿಚ್ಚಿದ ಕೀಲಿಕೈ, ಕೊರಳ ದಾರದಿಂದ ತೆಗೆದ ಕೀಲಿಕೈ, ಮಾವನ ಮೊಣಕಾಲು ವಾಸಿಯಾದ ಮನೆಯ ಕೀಲಿಕೈ. ಗೋಡೆಯಲ್ಲಿ ಮೊಳೆ ಉಳಿದದ್ದು ಕಡಿಮೆ, ಉಡಚಪ್ಪ ಕಿತ್ತ ತೂತುಗಳೇ ಹೆಚ್ಚು. ಎಲ್ಲಿ ಹಾಕುವುದೆಂದು ತಿಳಿಯದೆ ಅವಳ ತೊಡೆಯ ಮೇಲಿನ ಮೊರದಲ್ಲೇ ಹಾಕಿದರು. ಒಬ್ಬೊಬ್ಬರೂ ನೆಲ ನೋಡುತ್ತ, "ನಿನ್ನೆ ಗೂಡಿನ್ಯಾಗ ಹೇಳಿದ್ನಲ್ಲ" ಎನ್ನುವವರೇ. ಚಂಬವ್ವ ಕಿವಿಗೆ ಕೈ ಹಿಡಿದು, "ನನಗ ಕೇಳಿಲ್ಲವಾ. ಇನ್ನೊಮ್ಮೆ ಹೇಳು" ಎನ್ನುತ್ತಿದ್ದಳು. ಹೇಳಿಸಿಕೊಂಡಳು. ಒಬ್ಬರನ್ನೂ ಬಿಡಲಿಲ್ಲ. ಅಂಬಕ್ಕನಿಂದಂತೂ ಅರ್ಧಕ್ಕೆ ತಡೆದು ಮೊದಲಿನಿಂದ ಹೇಳಿಸಿದಳು.

ಅದೇ ಹೊತ್ತಿಗೆ ಗೂಡಿನಲ್ಲಿ ಗುರುಪಾದಪ್ಪ ಕೆಮ್ಮಿದ. "ಊರವರೆಲ್ಲ ಕೇಳ್ರಿ. ಎರಡು ಮಾತದಾವ. ಒಂದು, ಕೆರಿಯೊಳಗ ಮೂಡಣ ಮೂಲಿ ಹೂಳು ಉಳಿದೈತಿ, ನೀರು ಬರೋದ್ರಾಗ ಸೋಮವಾರ ತೆಗದುಬಿಡೂಣು. ಎರಡು, ಚಂಬವ್ವಗ ಹಿಂಗಾದ ಮ್ಯಾಲೆ ಇಳಿಜಾರು ತಿರುಗಿ ಬಲಕ್ಕ ಮಾಡಿಸೂಣೋ ಏನು? ಏನಂತೀರಿ ಹೇಳ್ರಿ."

ಎಲ್ಲರೂ ಚಂಬವ್ವನ ಕಡೆ ನೋಡಿದರು. ತನ್ನ ಇಳಿಜಾರಿನಿಂದ ತಾನೇ ಜಾರಿಬಿದ್ದವಳು, ಬಲಕ್ಕೇ ಎನ್ನುತ್ತಾಳೆ ಎಂದು ನಾನೂ ಅಂದುಕೊಂಡೆ. ಉಡಚಪ್ಪ ಬಾಗಿಲಲ್ಲಿ ಮಣ್ಣಿನ ಬುಟ್ಟಿ ಹಿಡಿದು ಸಿದ್ಧವಾಗಿಯೇ ನಿಂತಿದ್ದ. ಅವಳು ಕೀಲಿಕೈ ತುಂಬಿದ ಮೊರವನ್ನು ಸೊಂಟಕ್ಕೆ ಒತ್ತಿ ಹಿಡಿದು ಎದ್ದಳು. ಗೂಡಿನ ಮುಂದೆ ನಿಂತು, ಗುಂಡನ್ನು ಬಲಮೂಲೆಗೆ ತಳ್ಳಿ, ಹೆಬ್ಬೆರಳನ್ನು ಅದರ ಮೇಲೆ ಊರಿದಳು. ಬಾಗಿಲ ಕಡೆಯಿಂದ ಒಂದು ಕೋಳಿ ಕತ್ತು ಚಾಚಿ ಒಳಗೆ ಬಂತು. ಅದರ ಕಡೆ ಅವಳು ತಿರುಗಿಯೂ ನೋಡಲಿಲ್ಲ.

"ಗುರುಪಾದಪ್ಪಾ, ನಾ ಚಂಬವ್ವ. ಇದು ನಿನಗಷ್ಟ ಅಲ್ಲ, ಊರಿಗೆಲ್ಲ. ಗುಂಡು ಹಿಡಕೊಂಡೇನಿ. ಇಳಿಜಾರು ಎಡಕ್ಕ ಇರಲಿ. ಊರಿಗೆ ಹೇಳೋ ಮಾತಿದ್ದಾವರು ಬೆರಳ ನೋಯಿಸಿಕೊಂಡ ಹೇಳಲಿ, ಆವಾಗ ಮಾತು ಅಳತಿಗೆ ಬರತೈತಿ. ಆದ್ರ ಊರ ಮುಂದ ಪ್ರಶ್ನಿ ಇಟ್ಟಾವರು ಬಂದ ಉತ್ತರಾನೂ ಊರ ಮುಂದ ಇಡಬೇಕು. ಈಗ ನೀನೂ ಇಡಬೇಕು, ಎಲ್ಲಾರೂ ಒಪ್ಯಾರ ಅಂತ ನೀನ ಹೇಳಿಬಿಟ್ರ ನಾವು ಕೇಳಂಗಿಲ್ಲ."

ಪಡಸಾಲೆಯಲ್ಲಿದ್ದವರು ನಕ್ಕರು. ಅವಳ ಹೆಬ್ಬೆರಳು ಬೆಳ್ಳಗಾಗಿತ್ತು. ಮಾತು ಮುಗಿಯಿತೆಂದು ನಾವು ಅಂದುಕೊಂಡರೂ ಅವಳು ಬೆರಳು ತೆಗೆಯಲಿಲ್ಲ.

"ಇನ್ನೊಂದ ಮಾತು. ಸೋಮವಾರ ಬುಟ್ಟಿ ತಗೊಂಡು ನಾನೂ ಬರತೇನಿ. ಕುರು ವಾಸಿ ಆಗೇತಿ. ಪಾರಿಸಜ್ಜಾ, ನೀ ಕೇಳಿದ್ದಿಯಲ್ಲ, ಎಡಕ್ಕಿತ್ತು."

ಅಷ್ಟು ಹೇಳಿ ಮೊರವನ್ನು ಒಮ್ಮೆ ಜೋರಾಗಿ ಕೇರಿದಳು. ಹೆಬ್ಬೆರಳು ಇನ್ನೂ ಗುಂಡಿನ ಮೇಲೇ ಇತ್ತು. ಕೀಲಿಕೈಗಳು ಝಲ್ಲೆಂದ ಆ ಸದ್ದು ಊರಿನ ಎಲ್ಲ ಮನೆಗಳ ಗೂಡುಗಳಲ್ಲಿ ಕೇಳಿತು. ಆಮೇಲೆ ಬೆರಳು ತೆಗೆದಳು. ಗುಂಡು ಗುಡುಗುಡು ಎನ್ನುತ್ತ ತನ್ನ ಮೂಲೆಗೆ ಹೋಯಿತು.